ಭೂವಿಕ್ರಯವೂ ಮೌನದ ದೋಷವೂ

ಭೂಮಿಗೆ ಅಚಲೆಯೆಂದು ಕೋಶಕಾರರು ಹೆಸರಿಟ್ಟಿರುವರು. ಆದರೆ ಅವಳ ಬೆಲೆಯಷ್ಟು ಚಂಚಲವಾದ ವಸ್ತುವು ಇಂದು ದುರ್ಲಭ. ಉತ್ತರ ಕನ್ನಡದ ಕರಾವಳಿಯಲ್ಲಿ, ವಿಶೇಷವಾಗಿ ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳಲ್ಲಿ, ಈ ಮಾತು ಪ್ರತ್ಯಕ್ಷವಾಗಿ ಕಾಣುವುದು. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಸಮುದ್ರ. ಜಿಲ್ಲೆಯ ಬಹುಭಾಗವು ಅರಣ್ಯ. ಮಾರತಕ್ಕ ನೆಲವು ಸ್ವಲ್ಪ, ಬೇಡುವವರು ಬಹಳ. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣಗೊಂಡಿತು. ಬಳಿಕ ಹೆದ್ದಾರಿಯು ಅಗಲವಾಯಿತು. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳಬಾರದೆಂಬ ನಿರ್ಬಂಧವನ್ನು 2020ರಲ್ಲಿ ರಾಜ್ಯವು ತೆಗೆದುಹಾಕಿತು. ಗಲ್ಫ್ ದೇಶಗಳಲ್ಲಿ, ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ ದುಡಿದವರ ಹಣವು ಊರ ನೆಲವನ್ನು ಅರಸಿಕೊಂಡು ಬರುತ್ತಿದೆ. ಹಿಂದೆ ಕೊಡುವವನೂ ಕೊಳ್ಳುವವನೂ ಒಂದೇ ಕೇರಿಯವರಾಗಿರುತ್ತಿದ್ದರು. ಈಗ ಒಬ್ಬರ ಮುಖವನ್ನೊಬ್ಬರು ನೋಂದಣಿಯ ದಿನವೇ ಮೊದಲು ಕಾಣುವುದೂ ಉಂಟು. ಆ ನಡುವಣ ತೆರವಿನಲ್ಲಿ ನಿಂತವನೇ ದಲ್ಲಾಳಿ.

ದಲ್ಲಾಳಿಯನ್ನು ನಿಂದಿಸುವುದು ಸುಲಭ. ಜನರು ಅದನ್ನು ಧಾರಾಳವಾಗಿ ಮಾಡುತ್ತಲೂ ಇರುವರು. ಆದರೆ ಅವನ ಕೆಲಸವು ಸ್ವರೂಪತಃ ಹೀನವೆಂದು ಹೇಳಲಾಗದು. ಶರಣರ ಗೋಷ್ಠಿಯಲ್ಲಿ ಅಂಬಿಗನಿದ್ದನು. ಅವನೂ ಎರಡು ದಡಗಳ ನಡುವಣವನೇ. ಶರಾವತಿಯ ಅಳಿವೆಯಲ್ಲಿ ಮರಳದಿಬ್ಬ ಎಲ್ಲಿದೆಯೆಂಬುದನ್ನು ಬಲ್ಲವನೇ ದೋಣಿಯನ್ನು ಸುಖವಾಗಿ ಒಯ್ಯಬಲ್ಲನು. ದೋಣಿಯಲ್ಲಿ ಕುಳಿತವನು ಕೂಲಿ ಕೊಡುವುದು ಹುಟ್ಟು ಹಾಕುವ ತೋಳಿಗೆ ಮಾತ್ರವಲ್ಲ, ಆ ಅರಿವಿಗೂ ಅಹುದು. ದಿಬ್ಬವನ್ನು ಕಂಡೂ ಬಾಯಿ ಮುಚ್ಚಿಕೊಂಡ ಅಂಬಿಗನು ಯಾವ ಬಾಯಿಂದ ಕೂಲಿಯನ್ನು ಕೇಳಬೇಕು?

ನೆಲದಲ್ಲಿಯೂ ಇಂತಹ ದಿಬ್ಬಗಳುಂಟು. ಕಡಲು ಕಾಣುವ ನಿವೇಶನವೆಂದು ತೋರಿಸಿದ ಜಾಗವು, 1991ರಲ್ಲಿ ಮೊದಲು ಘೋಷಿತವಾಗಿ ಅನಂತರ ತಿದ್ದುಪಡಿಗಳನ್ನು ಕಂಡ ಸಮುದ್ರತೀರ ನಿಯಂತ್ರಣ ವಲಯದೊಳಗೆ ಬಿದ್ದು, ಮನೆ ಕಟ್ಟಲು ಬಾರದೆ ಹೋಗಬಹುದು. ಅಡಕೆ ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟವನ್ನು ತೋಟದೊಂದಿಗೆ ಸ್ವಂತದ್ದೆಂದು ತೋರಿಸುವವರಿರುವರು. ತೋಟಿಗನಿಗೆ ಅಲ್ಲಿರುವುದು ಸೊಪ್ಪು, ತರಗು ತರುವ ಸವಲತ್ತೇ ಹೊರತು ಸ್ವಾಮ್ಯವಲ್ಲ. ಪರದೇಶದಲ್ಲಿರುವವನ ಮುಖ್ತಿಯಾರು ಪತ್ರವನ್ನೇ ಕ್ರಯವೆಂದು ನಂಬಿಸುವುದುಂಟು. ನೋಂದಾಯಿತ ಕ್ರಯಪತ್ರವಿಲ್ಲದೆ ಅಂತಹ ಪತ್ರಮಾತ್ರದಿಂದ ಸ್ವಾಮ್ಯವು ದಾಟದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ಸ್ಪಷ್ಟಪಡಿಸಿದೆ. ಇವೆಲ್ಲವನ್ನೂ ಊರ ದಲ್ಲಾಳಿಯು ಬಹುಮಟ್ಟಿಗೆ ಬಲ್ಲನು. ಬಲ್ಲವನಾದುದರಿಂದಲೇ ಅವನನ್ನು ಕರೆಯುವುದು.

ಬಲ್ಲವನು ಏಕೆ ಹೇಳುವುದಿಲ್ಲ? ಲೋಭವೆಂದು ಒಂದೇ ಮಾತಿನಲ್ಲಿ ಮುಗಿಸಬಹುದು. ಆದರೆ ಲೋಭಕ್ಕೆ ದಾರಿಯನ್ನು ಮಾಡಿಕೊಡುವವರು ಯಾರೆಂಬುದನ್ನೂ ನೋಡಬೇಕು. ಹೊನ್ನಾವರದ ಕಡೆಯ ಗೃಹಸ್ಥನೊಬ್ಬನು ತನ್ನ ತೆಂಗಿನ ಹಿತ್ತಲನ್ನು ಮಾರಬೇಕೆಂದಿರುವನೆಂದು ಭಾವಿಸಬಹುದು. ಅವನು ಒಬ್ಬನಿಗೆ ಹೇಳಿ ಸುಮ್ಮನಿರನು. ಒಬ್ಬನನ್ನು ನಂಬಿದರೆ ಮೋಸವಾದೀತೆಂದು ಐವರಿಗೆ ಹೇಳುವನು. ಮೊದಲು ಗಿರಾಕಿಯನ್ನು ತಂದವನಿಗೆ ದಲ್ಲಾಳಿ ಹಣವೆನ್ನುವನು. ಆ ಕ್ಷಣದಿಂದ ಅವನು ಬೆಲೆ ಕಟ್ಟುತ್ತಿರುವುದು ವೇಗಕ್ಕೆ, ಅರಿವಿಗಲ್ಲ. ಕಾಗದಗಳನ್ನು ತಾಳ್ಮೆಯಿಂದ ನೋಡಿ, ತಂಗಿಯ ಪಾಲಿನ ಒಪ್ಪಿಗೆ ಇನ್ನೂ ಬಂದಿಲ್ಲವೆಂದು ಗಿರಾಕಿಗೆ ತಿಳಿಸಿದ ದಲ್ಲಾಳಿಯು ಹಿಂದೆ ಬೀಳುವನು. ಎಲ್ಲವೂ ಸರಿಯಾಗಿದೆಯೆಂದವನು ಮುಂಗಡವನ್ನು ಕೊಡಿಸುವನು. ಹಿಂದೆ ಬಿದ್ದವನು ಎರಡನೆಯ ಸಲಕ್ಕೆ ತಾನೂ ಸುಮ್ಮನಿರುವುದನ್ನು ಕಲಿಯುವನು. ಅಪನಂಬಿಕೆಯಿಂದ ಐವರನ್ನು ಕರೆದ ಗೃಹಸ್ಥನು ಐವರನ್ನೂ ನಂಬಿಕೆಗೆ ಅನರ್ಹರನ್ನಾಗಿ ಮಾಡಿದನು. ಕೊಳ್ಳುವವನ ನಡೆಯೂ ಇದಕ್ಕಿಂತ ಭಿನ್ನವಲ್ಲ. ಒಬ್ಬ ದಲ್ಲಾಳಿಯಿಂದ ಜಾಗವನ್ನು ನೋಡಿ, ಅವನ ಕೂಲಿಯನ್ನು ಉಳಿಸಲು ನೇರವಾಗಿ ಒಡೆಯನ ಮನೆಯ ಬಾಗಿಲಿಗೆ ಹೋಗುವವರು ವಿರಳರಲ್ಲ.

ಪ್ರಾಚೀನರು ಈ ವಿಷಯದಲ್ಲಿ ಬೇರೊಂದು ದಾರಿಯನ್ನು ಹಿಡಿದಿದ್ದರು. ಬಸವಾದಿ ಶರಣರಿಗಿಂತ ಸ್ವಲ್ಪ ಮೊದಲು, ಅದೇ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿದನು. ನೆಲವು ಒಬ್ಬನಿಂದ ಒಬ್ಬನಿಗೆ ಹೋಗುವುದಕ್ಕೆ ಆರು ಅಂಗಗಳನ್ನು ಹೇಳುವ ಸ್ಮೃತಿವಚನವನ್ನು ಅವನು ಅಲ್ಲಿ ವಿಚಾರಿಸಿರುವನು: ಊರವರ, ಜ್ಞಾತಿಗಳ, ನೆರೆಹೊಲದವರ, ದಾಯಾದರ ಒಪ್ಪಿಗೆ, ಹೊನ್ನು ಮತ್ತು ನೀರು. ಊರವರ ಒಪ್ಪಿಗೆಯು ವ್ಯವಹಾರವು ಬಯಲಿಗೆ ಬರಲೆಂದು; ನೆರೆಯವರ ಒಪ್ಪಿಗೆಯು ಗಡಿಯ ಸಂಶಯವು ತೀರಲೆಂದು ಅವನ ವಿವರಣೆ. ಊರವರು ಬೇಡವೆಂದರೆ ಮಾರಾಟವು ನಿಲ್ಲುವುದೆಂಬುದು ಅವನ ಅಭಿಪ್ರಾಯವಲ್ಲ. ಎಲ್ಲರೂ ಅರಿತಿರಬೇಕು, ಅಷ್ಟೇ. ಹತ್ತು ಮಂದಿಯ ಎದುರಿನಲ್ಲಿ ನಡೆದ ಮಾತಿನಲ್ಲಿ ದೋಷವನ್ನು ಬಚ್ಚಿಡುವುದು ಕಷ್ಟ. ಇಂದು ಊರವರ ಸ್ಥಾನದಲ್ಲಿ ಪಹಣಿಯೂ ಋಣಭಾರ ಪತ್ರವೂ ನಿಂತಿವೆ. ಅವು ಹೇಳಬೇಕಾದುದನ್ನು ಬಹಳಷ್ಟು ಹೇಳುವುವು. ಬಾವಿಯ ನೀರು ಬೇಸಗೆಯಲ್ಲಿ ಉಪ್ಪಾಗುವುದೆಂದು ಮಾತ್ರ ಹೇಳವು.

ಇಂತಹ ಮೌನದ ವಿಷಯವು ಪರದೇಶದ ಪ್ರಾಜ್ಞರನ್ನೂ ಕಾಡಿದೆ. ರೋಮಿನ ಸಿಸೆರೋ ಎಂಬ ಪಂಡಿತನು ಕ್ರಿ.ಪೂ. 44ರಲ್ಲಿ ತನ್ನ ಮಗನಿಗಾಗಿ ಬರೆದ ಕರ್ತವ್ಯಗ್ರಂಥದಲ್ಲಿ ಒಂದು ಕಥೆಯಿದೆ. ಕರಾವಳಿಯವರಿಗೆ ಅದು ಬೇಗನೆ ಅರ್ಥವಾಗುವುದು. ಕಾನಿಯಸ್ ಎಂಬ ಸಿರಿವಂತನು ಸಿರಾಕ್ಯೂಸ್ ನಗರದ ಕಡಲತೀರದಲ್ಲಿ ತೋಟವನ್ನು ಕೊಳ್ಳಬೇಕೆಂದಿದ್ದನು. ಪಿಥಿಯಸ್ ಎಂಬ ಲೇವಾದೇವಿಗಾರನು ತನ್ನ ತೋಟಕ್ಕೆ ಅವನನ್ನು ಊಟಕ್ಕೆ ಕರೆದು, ಆ ಹೊತ್ತಿಗೆ ಬೆಸ್ತರೆಲ್ಲರೂ ತೋಟದ ಮುಂದೆಯೇ ಬಂದು ಮೀನು ಹಿಡಿಯುವಂತೆ ಗೊತ್ತುಮಾಡಿದನು. ದೋಣಿಗಳು ನೆರೆದುವು, ಮೀನಿನ ರಾಶಿಯು ಕಾಲ ಬಳಿ ಬಿದ್ದಿತು. ಮರುಳಾದ ಕಾನಿಯಸ್ಸನು ಕೇಳಿದಷ್ಟು ಕೊಟ್ಟನು. ಮರುದಿನ ಒಂದು ದೋಣಿಯೂ ಇಲ್ಲ. ಇಲ್ಲಿ ಯಾರೂ ಎಂದೂ ಮೀನು ಹಿಡಿಯುವುದಿಲ್ಲವೆಂದು ನೆರೆಯವನು ತಿಳಿಸಿದನು. ಈ ಕಪಟವನ್ನು ಎಲ್ಲರೂ ಖಂಡಿಸುವರು. ಆದರೆ ಅದೇ ಗ್ರಂಥದಲ್ಲಿ ಇನ್ನೂ ಸೂಕ್ಷ್ಮವಾದ ಪ್ರಶ್ನೆಯಿದೆ: ಮನೆಯ ದೋಷವನ್ನು ಒಡೆಯನೊಬ್ಬನೇ ಬಲ್ಲನು, ಅವನು ಸುಳ್ಳನ್ನೇನೂ ಆಡದೆ ಸುಮ್ಮನೆ ಮಾರಿದರೆ ತಪ್ಪೇ? ಕೊಳ್ಳೆಂದು ಯಾರನ್ನೂ ಬಲವಂತ ಮಾಡಿಲ್ಲವೆಂದು ಒಬ್ಬ ತತ್ತ್ವಜ್ಞಾನಿಯ ವಾದ. ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತಲೂ ಇದು ಕೆಟ್ಟದೆಂದು ಇನ್ನೊಬ್ಬನ ವಾದ. ಸಿಸೆರೋ ಎರಡನೆಯವನ ಪಕ್ಷ.

ನಮ್ಮ ದೇಶದ ಶಾಸನವೂ ಬಹಳ ಹಿಂದೆಯೇ ಆ ಪಕ್ಷವನ್ನು ಹಿಡಿದಿದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಕಲಮಿನಂತೆ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಾಣಲಾರದ, ತಾನು ಬಲ್ಲ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ಮಾರುವವನ ಹಕ್ಕು ಅವನೆಣಿಸಿದುದಕ್ಕಿಂತ ಹೆಚ್ಚಿನದೆಂಬುದು ಕೊಳ್ಳುವವನಿಗೆ ಮಾತ್ರ ಗೊತ್ತಿದ್ದು, ಅದರಿಂದ ಬೆಲೆಯು ಹೆಚ್ಚುವಂತಿದ್ದರೆ, ಅವನೂ ಅದನ್ನು ತಿಳಿಸಬೇಕು. ದಲ್ಲಾಳಿಗಳ ನೋಂದಣಿಗೆ 2016ರ ರಿಯಲ್ ಎಸ್ಟೇಟ್ ಕಾನೂನು ಬಂದಿರುವುದು ಸರಿ; ಆದರೆ ಅದು ನೋಂದಾಯಿತ ಬಡಾವಣೆ, ಕಟ್ಟಡಗಳ ಮಾರಾಟಕ್ಕೆ ಸಂಬಂಧಿಸಿದುದು. ಒಂಟಿ ಹಿತ್ತಲನ್ನು ಮಾರಿಸುವ ಊರ ಮಧ್ಯಸ್ಥನಿಗೆ ಅದರ ಬಲೆ ತಗಲದು. ಅವನಿಗೆ ಉಳಿದಿರುವುದು ತನ್ನ ಮನಸ್ಸಾಕ್ಷಿಯೊಂದೇ. ಐವರ ಸ್ಪರ್ಧೆಯಲ್ಲಿ ಅದು ಎಷ್ಟು ದಿನ ಬಾಳೀತೆಂಬುದನ್ನು ಮೇಲೆ ನೋಡಿದ್ದಾಯಿತು.

ಕೊಳ್ಳುವವನು ಕಣ್ಣಾರೆ ನೋಡಿ ಒಪ್ಪಿದನಲ್ಲ, ಇನ್ನೇನು ಎಂಬ ಸಮಾಧಾನವು ಈ ವ್ಯವಹಾರದಲ್ಲಿ ಎಲ್ಲರ ಬಾಯಲ್ಲಿಯೂ ಕೇಳಿಬರುವುದು. ನುಲಿಯ ಚಂದಯ್ಯಗಳ ಕಥೆಯನ್ನು ಇಲ್ಲಿ ನೆನೆಯಬೇಕು. ಹುಲ್ಲು ಕೊಯ್ಯುವಾಗ ಜಾರಿದ ಲಿಂಗವನ್ನು ಅವರು ಲಕ್ಷಿಸಲಿಲ್ಲ. ಕಡೆಗೆ ಮಡಿವಾಳ ಮಾಚಯ್ಯಗಳ ಸಂಧಾನದಿಂದ, ಹಗ್ಗವನ್ನು ಮಾರಿಕೊಂಡು ಬರುವ ಕಾಯಕವು ಲಿಂಗದ ಪಾಲಿಗೆ ಬಂದಿತು. ಇನ್ನೊಬ್ಬರ ಸರಕನ್ನು ಮಾರಿಕೊಡುವ ಮಧ್ಯಸ್ಥನ ಸ್ಥಾನದಲ್ಲಿ ಸಾಕ್ಷಾತ್ ಲಿಂಗವೇ ನಿಂತಿತೆಂದಂತಾಯಿತು. ಕೊಂಡವರು ಬಸವಣ್ಣನವರು, ಭಕ್ತಿಯಿಂದ ಅವರು ಹಗ್ಗದ ಯೋಗ್ಯತೆಯನ್ನು ಮೀರಿದ ಹೊನ್ನನ್ನು ಕೊಟ್ಟರು. ಕೊಟ್ಟವರು ಮನಸಾರೆ ಕೊಟ್ಟಿದ್ದರು, ತಂದವನಲ್ಲಿ ಕಪಟವಿರಲಿಲ್ಲ. ಆದರೂ ಚಂದಯ್ಯಗಳು ಅದನ್ನು ಒಪ್ಪಲಿಲ್ಲ. ಹಗ್ಗದ ಬೆಲೆಯು ಹಗ್ಗದಲ್ಲಿರಬೇಕೇ ಹೊರತು ಕೊಳ್ಳುವವನ ಮರುಳಿನಲ್ಲಾಗಲಿ, ಭಕ್ತಿಯಲ್ಲಾಗಲಿ ಅಲ್ಲವೆಂಬುದು ಅವರ ನಿಲುವು. ನೆಲಕ್ಕೆ ಹಗ್ಗದಂತೆ ಸ್ಥಿರವಾದ ಬೆಲೆಯಿಲ್ಲವೆಂದು ಆಕ್ಷೇಪಿಸಬಹುದು, ಅದು ನಿಜವೇ. ಅದಕ್ಕಾಗಿಯೇ ನೆಲದ ವ್ಯವಹಾರದಲ್ಲಿ ಗುಣದೋಷಗಳ ಅರಿವು ಇಬ್ಬರಿಗೂ ಸಮನಾಗಿರಬೇಕಾಗುವುದು. ಬೆಲೆಯನ್ನು ಹೇಳಲು ಬೇರೆ ಅಳತೆಗೋಲಿಲ್ಲ.

ಭಕ್ತರಾದ ಗೃಹಸ್ಥರು ದಲ್ಲಾಳಿಯಿಂದ ಅಪೇಕ್ಷಿಸುವುದು ಸಾಮಾನ್ಯವಾಗಿ ಅರ್ಧಸತ್ಯವನ್ನು. ತಮ್ಮ ಪಾಲಿಗೆ ನಿಜವನ್ನು ಹೇಳಲಿ, ಎದುರಿನವನ ಪಾಲಿಗೆ ಜಾಣನಾಗಿರಲಿ ಎಂದು. ಇಬ್ಬರಿಂದಲೂ ಕೂಲಿ ಪಡೆಯುವವನು ಇಬ್ಬರ ಈ ಬಯಕೆಯನ್ನೂ ಪೂರೈಸುವನು. ಬಳಿಕ ಮೂವರೂ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗುವರು. ಮುದ್ರಾಂಕ ಶುಲ್ಕವು ಕಡಿಮೆಯಾಗಲೆಂದು, ಕೈಯಿಂದ ಕೈಗೆ ಹೋದ ಹಣವನ್ನು ಬಿಟ್ಟು, ಕ್ರಯಪತ್ರದಲ್ಲಿ ಸಣ್ಣದೊಂದು ಮೊತ್ತವನ್ನು ಬರೆಯಿಸುವರು. ಮಾರಿದವನು ರುಜು ಹಾಕುವನು, ಕೊಂಡವನು ರುಜು ಹಾಕುವನು. ದಲ್ಲಾಳಿಗಳಲ್ಲಿ ಸತ್ಯವಿಲ್ಲವೆಂದು ಊರೆಲ್ಲ ಹೇಳಿಕೊಂಡು ಬಂದ ಇವರಿಬ್ಬರ ರುಜುವಿನ ಕೆಳಗೆ, ಸಾಕ್ಷಿಯ ಜಾಗದಲ್ಲಿ, ದಲ್ಲಾಳಿಯೂ ರುಜು ಹಾಕುವನು.