ಹರಕೆಯಾಟದಲ್ಲಿ ಹಾಸ್ಯಗಾರ

ಕಟೀಲಿನಂಥ ದೇವಿಕ್ಷೇತ್ರಗಳ ಮೇಳಗಳು ಊರೂರಲ್ಲಿ ಆಡುವ ಯಕ್ಷಗಾನ ಬಹುಪಾಲು ಹರಕೆಯಾಟ. ನೆನೆಸಿದ ಕಾರ್ಯ ಕೈಗೂಡಿತೆಂದು ಮನೆಯವರು ದೇವಿಗೆ ಸಲ್ಲಿಸುವ ಸೇವೆ ಅದು. ಬಣ್ಣ ಹಚ್ಚುವ ಚೌಕಿಯಲ್ಲಿ ಗಣಪತಿಗೆ ಪೂಜೆಯಾದ ಮೇಲೆಯೇ ಆಟ. ಇಂಥ ಸೇವೆಯಲ್ಲಿ ಹಾಸ್ಯಗಾರನಿಗೇನು ಕೆಲಸ? ನಡುರಾತ್ರಿ ಜನ ತೂಕಡಿಸದಿರಲೆಂದು ಮಾಡಿಕೊಂಡ ಉಪಾಯ ಎನ್ನುವವರಿದ್ದಾರೆ. ಮೇಳದಲ್ಲಿ ಹುಡುಗರು ಪಳಗುತ್ತಿದ್ದ ಕ್ರಮ ಬೇರೆಯದೇ ಉತ್ತರ ಕೊಡುತ್ತದೆ. ಹೊಸದಾಗಿ ಸೇರಿದ ಹುಡುಗನಿಗೆ ಮೊದಲು ಸಿಗುತ್ತಿದ್ದದ್ದು ಕಿರೀಟದ ವೇಷವಲ್ಲ, ಪ್ರಸಂಗಕ್ಕೆ ಮುಂಚಿನ ಪೂರ್ವರಂಗದ ಕೋಡಂಗಿ ವೇಷ, ಆಮೇಲೆ ಬಾಲಗೋಪಾಲ. ಹೆಜ್ಜೆ ಇನ್ನೂ ಕೂಡಿಬರದ ವಯಸ್ಸಿನಲ್ಲೇ ಅವನು ರಂಗಕ್ಕೆ ಬರಬೇಕು, ತಾಳ ತಪ್ಪಿದಾಗ ಎದ್ದ ನಗುವನ್ನು ನುಂಗಿಕೊಂಡು ಮತ್ತೆ ಕುಣಿಯಬೇಕು. ನಾನೆಂಬುದು ಕರಗದೆ ಭಕ್ತಿಯಿಲ್ಲವೆಂದು ದಾಸರೂ ಶರಣರೂ ಹೇಳಿದ್ದನ್ನು ಅವನ ಮೈ ಹೀಗೆ ಕಲಿಯುತ್ತದೆ. ಇನ್ನೊಬ್ಬರನ್ನು ನಗಿಸುವ ಮೊದಲು ನಗೆಗೀಡಾಗಲು ಒಪ್ಪುವುದೇ ಈ ವಿದ್ಯೆಯ ಮೊದಲ ಪಾಠ.

ಆದರೆ ನಗು ಅನೇಕ ಸಲ ಕ್ರೂರವಲ್ಲವೇ? ಹೌದು. ತೊದಲುವವರನ್ನು, ಕುಂಟುವವರನ್ನು, ಹೆಂಗಸರನ್ನು ಹೀಗಳೆದು ಚಪ್ಪಾಳೆ ಗಿಟ್ಟಿಸುವುದು ರಂಗದಲ್ಲಿ ನಡೆದೇ ಇದೆ, ಅದು ಸೇವೆಯಲ್ಲ. ಎಲ್ಲ ನಗುವೂ ಒಂದೇ ಅಲ್ಲವೆಂದು ಬಲ್ಲ ನಾಟ್ಯಶಾಸ್ತ್ರ ಅದನ್ನು ಆರು ಬಗೆಯಾಗಿ ವಿಂಗಡಿಸಿ, ಮುಗುಳ್ನಗೆಯನ್ನು ಉತ್ತಮರಿಗೂ ಮೈಮರೆತ ಅಟ್ಟಹಾಸವನ್ನು ಅಧಮರಿಗೂ ಹೇಳಿತು. ಅದು ನಗುವವನನ್ನು ನೋಡಿ ಮಾಡಿದ ವಿಂಗಡಣೆ. ನಗೆಗೀಡಾದವನು ನಮ್ಮ ಕಣ್ಣಲ್ಲಿ ಕೊನೆಗೆ ಏನಾಗುತ್ತಾನೆ ಎಂಬುದನ್ನೂ ಕೇಳಬೇಕು. ನಳದಮಯಂತಿ ಪ್ರಸಂಗದ ಬಾಹುಕನನ್ನು ನೋಡಿ. ಕಾರ್ಕೋಟಕನೆಂಬ ಹಾವು ಕಚ್ಚಿ ರೂಪಗೆಟ್ಟ ನಳನೇ ಅವನು, ಋತುಪರ್ಣನ ಸಾರಥಿ. ಆ ವೇಷ ಸಲ್ಲುವುದು ಹಾಸ್ಯಗಾರನಿಗೆ. ಅವನ ವಿಕಾರಕ್ಕೆ ನಾವು ನಗುತ್ತೇವೆ, ಅವನು ಅರಸನೆಂಬುದೂ ನಮಗೆ ಗೊತ್ತು. ಮಹಾಭಾರತದಲ್ಲಿ ಹೆಂಡತಿ ದಮಯಂತಿ ಅವನ ರೂಪಕ್ಕೆ ಮೋಸಹೋಗುವುದಿಲ್ಲ. ಅವನು ಬೇಯಿಸಿದ ಮಾಂಸದ ರುಚಿ ನೋಡುತ್ತಾಳೆ, ಮಕ್ಕಳನ್ನು ಕಳಿಸಿ ಅವನು ಅಳುವುದನ್ನು ತಿಳಿಯುತ್ತಾಳೆ. ಅವಳ ಗುರುತು ಹಿಡಿಯುವ ಕಣ್ಣು ನಮ್ಮ ನಗುವನ್ನು ತಿದ್ದುತ್ತದೆ.

ಇಷ್ಟಕ್ಕೆ ವೇಷಧಾರಿಗಳ ಗಂಭೀರ ಮಾತುಗಾರಿಕೆಯಾದ ಅರ್ಥಗಾರಿಕೆಯೇ ಸಾಲದೇ ಎಂದು ಕೇಳಬಹುದು. ಸಾಲದು. ರೂಪವೇ ಮನುಷ್ಯನಲ್ಲವೆಂಬ ಉಪದೇಶಕ್ಕೆ ನಾವು ಸುಲಭವಾಗಿ ತಲೆದೂಗುತ್ತೇವೆ, ಅದು ನಮ್ಮನ್ನು ತಟ್ಟುವುದಿಲ್ಲ. ನಕ್ಕವನಿಗೆ ಮಾತ್ರ ರೂಪ ನೋಡಿ ಅಳೆದವನು ತಾನೇ ಎಂಬುದು ತಿಳಿಯುತ್ತದೆ. ಆ ತಿಳಿವಳಿಕೆಯನ್ನು ಸಭೆಗೆ ಕೊಡಲು ತನ್ನ ಮೈಯನ್ನೇ ನಗೆಗೊಡ್ಡುವ ಹಾಸ್ಯಗಾರನ ದುಡಿಮೆ, ದೇವಿಯ ವೇಷದಷ್ಟೇ ಸಲ್ಲುವ ಸೇವೆ.