ಹುಟ್ಟಿನೊಡನೆ ಬರುವ ಪಾಲು

ಬಸವಕಲ್ಯಾಣದ ಕೋರ್ಟಿನಲ್ಲಿ ಹೊಲದ ಪಾಲಿನ ದಾವೆ ನಡೆಯುವಾಗ ವಕೀಲರ ವಾದದಲ್ಲಿ ಒಂದು ಇಂಗ್ಲಿಷ್ ಪದ ತಪ್ಪದೆ ಬರುತ್ತದೆ: ಕೋಪಾರ್ಸನರ್. ಕನ್ನಡದ ಕಾನೂನು ಬರಹಗಳಲ್ಲಿ ಇದಕ್ಕೆ ಸಹದಾಯಾದ ಎಂಬ ಪದ ಬಳಕೆಯಲ್ಲಿದೆ. ಹಳ್ಳಿಯಿಂದ ಬಂದ ಕಕ್ಷಿದಾರರಿಗೆ ಅವರು ಹಿಸ್ಸೆದಾರರು, ಅಷ್ಟೆ. ಪದ ಇಂಗ್ಲೆಂಡಿನದು, ಆದರೆ ಅದು ನಮ್ಮಲ್ಲಿ ಹೊತ್ತುಕೊಂಡಿರುವ ವಿಚಾರ ಇದೇ ಊರಿನದು. ಸುಮಾರು 900 ವರ್ಷಗಳ ಹಿಂದೆ ಕಲ್ಯಾಣದಲ್ಲಿದ್ದ ಒಬ್ಬ ಪಂಡಿತ ಬರೆದ ವ್ಯಾಖ್ಯಾನದಿಂದ ಆ ವಿಚಾರ ದೇಶದ ಬಹುಭಾಗಕ್ಕೆ ಹಬ್ಬಿತು.

ಕಲ್ಯಾಣ ಎಂದಕೂಡಲೇ ನಮ್ಮ ಮನಸ್ಸಿಗೆ ಬರುವುದು ಬಸವಣ್ಣ, ಶರಣರು, ಅನುಭವ ಮಂಟಪ. ಹಾಗೆ ಬರುವುದು ಸಹಜವೇ. ಆದರೆ ಅದಕ್ಕೂ ಕೆಲವು ದಶಕ ಮೊದಲು, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ, ಇಲ್ಲಿಯೇ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಟೀಕೆ ಬರೆದ. ಕಲಬುರಗಿ ಜಿಲ್ಲೆಯ ಮರತೂರಿನ ಜನ ಅವನನ್ನು ತಮ್ಮೂರಿನವನೆಂದು ಅಭಿಮಾನದಿಂದ ನೆನೆಯುತ್ತಾರೆ. ಗ್ರಂಥದ ಕೊನೆಗೆ ಅವನು ಕಲ್ಯಾಣ ನಗರವನ್ನೂ ಅದರ ದೊರೆಯನ್ನೂ ಮನಸಾರೆ ಹೊಗಳಿದ್ದಾನೆ. ಈ ಗ್ರಂಥದ ಬಗ್ಗೆ ನಮ್ಮ ಭಾಗದ ಶಾಲೆ ಕಾಲೇಜುಗಳಲ್ಲಿ ಒಂದು ಸಾಲಿಗಿಂತ ಹೆಚ್ಚು ಹೇಳುವವರಿಲ್ಲ. ಇದು ನನಗೆ ಬಹಳ ದಿನಗಳಿಂದ ಇರುವ ಕೊರಗು.

ಆಸ್ತಿ ಹಂಚುವ ಲೆಕ್ಕಕ್ಕೆ ಕೈಹಾಕುವ ಮೊದಲು ವಿಜ್ಞಾನೇಶ್ವರ ಒಂದು ಮೂಲಪ್ರಶ್ನೆಗೆ ನಿಲ್ಲುತ್ತಾನೆ. ಒಂದು ವಸ್ತು ‘ನನ್ನದು’ ಎಂದರೆ ಏನು? ಶಾಸ್ತ್ರದ ಮಾತಿನಲ್ಲಿ ಇದು ಸ್ವತ್ವ. ಹೊಲವನ್ನು ಎಷ್ಟು ಅಗೆದರೂ ಅದರಲ್ಲಿ ಒಡೆತನ ಎಂಬುದು ಕೈಗೆ ಸಿಗುವುದಿಲ್ಲ. ಹಾಗಾದರೆ ಅದು ಎಲ್ಲಿಂದ ಬಂತು? ಶಾಸ್ತ್ರ ಹೇಳಿದ್ದರಿಂದ ಬಂತೆಂಬುದು ಒಂದು ಪಕ್ಷ. ಅಲ್ಲ, ಅದು ಲೌಕಿಕ, ಜನರ ವ್ಯವಹಾರದಲ್ಲಿಯೇ ಹುಟ್ಟುವಂಥದ್ದು ಎಂಬುದು ವಿಜ್ಞಾನೇಶ್ವರನ ಪಕ್ಷ. ಅವನ ವಾದ ಹೀಗೆ ಸಾಗುತ್ತದೆ: ಯಜ್ಞದ ಆಹವನೀಯ ಅಗ್ನಿಯಂಥವು ಶಾಸ್ತ್ರದಿಂದ ಮಾತ್ರ ತಿಳಿಯುವಂಥವು, ಅವುಗಳಿಂದ ಆಗುವ ಕೆಲಸವೂ ಶಾಸ್ತ್ರೀಯವೇ. ಒಡೆತನ ಹಾಗಲ್ಲ. ಕೊಳ್ಳುವುದು, ಮಾರುವುದು ಮುಂತಾದ ಲೋಕದ ಕೆಲಸಗಳೇ ಅದರಿಂದ ನಡೆಯುತ್ತವೆ. ಇನ್ನೂ ಒಂದು ಮಾತು ಸೇರಿಸುತ್ತಾನೆ. ಶಾಸ್ತ್ರದ ಗಂಧವೇ ಇಲ್ಲದ ಗಡಿನಾಡಿನ ಜನರಲ್ಲೂ ಒಡೆತನದ ವ್ಯವಹಾರ ಕಾಣುತ್ತದೆಯಲ್ಲ, ಅದಕ್ಕೇನು ಹೇಳುತ್ತೀರಿ? ಧರ್ಮಶಾಸ್ತ್ರದ ಒಬ್ಬ ಪಂಡಿತ ಶಾಸ್ತ್ರ ಅರಿಯದವರ ನಡೆಯನ್ನು ಸಾಕ್ಷಿಯಾಗಿ ಕರೆಯುವ ಈ ಜಾಗ ಇಡೀ ಗ್ರಂಥದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು.

ಎದುರುವಾದಿ ಸುಮ್ಮನಿರುವುದಿಲ್ಲ. ಒಡೆತನ ಲೌಕಿಕವಾದರೆ ಕದ್ದ ಮಾಲು ಕಳ್ಳನದೇ ಆಗಬೇಕಲ್ಲ ಎನ್ನುತ್ತಾನೆ. ಲೋಕವೇ ಅದನ್ನು ಕಳ್ಳನದೆಂದು ಒಪ್ಪುವುದಿಲ್ಲ ಎಂಬುದು ಉತ್ತರದ ತಿರುಳು. ಈ ಚರ್ಚೆಯ ಫಲವನ್ನೂ ವಿಜ್ಞಾನೇಶ್ವರ ತೋರಿಸಿಕೊಡುತ್ತಾನೆ. ತಂದೆ ಶಾಸ್ತ್ರ ಒಪ್ಪದ ದಾರಿಯಲ್ಲಿ ಗಳಿಸಿದ ಎಂದಿಟ್ಟುಕೊಳ್ಳಿ. ಒಡೆತನ ಶಾಸ್ತ್ರದಿಂದ ಬರುವುದಾದರೆ ಆ ಗಳಿಕೆ ಅವನದಲ್ಲ, ಮಕ್ಕಳು ಅದನ್ನು ಹಂಚಿಕೊಳ್ಳುವಂತೆಯೂ ಇಲ್ಲ. ಒಡೆತನ ಲೌಕಿಕವಾದರೆ ಅದು ಅವನದೇ. ಪ್ರಾಯಶ್ಚಿತ್ತ ಅವನಿಗೆ, ಪಾಲು ಮಕ್ಕಳಿಗೆ. ಒಡೆತನದ ಪ್ರಶ್ನೆಯನ್ನು ಪಾಪಪುಣ್ಯದ ಲೆಕ್ಕದಿಂದ ಬಿಡಿಸಿದ್ದು ಆ ಕಾಲಕ್ಕೆ ಸಣ್ಣ ಕೆಲಸವಲ್ಲ.

ಇನ್ನು ದಾಯ. ಒಡೆಯನ ಜೊತೆಗಿನ ಸಂಬಂಧವೊಂದೇ ಕಾರಣವಾಗಿ ಇನ್ನೊಬ್ಬರದಾಗುವ ಸಂಪತ್ತು ದಾಯ. ಅದರಲ್ಲಿ ಎರಡು ಬಗೆ. ಮಕ್ಕಳಿಲ್ಲದವನ ಆಸ್ತಿ ತಮ್ಮನಿಗೋ ಚಿಕ್ಕಪ್ಪನಿಗೋ ಹೋಗಬೇಕಾದರೆ ಒಡೆಯ ಬದುಕಿರುವುದೇ ಅಡ್ಡಿ, ಅದು ಸಪ್ರತಿಬಂಧ. ಮಗ, ಮೊಮ್ಮಗನ ಮಟ್ಟಿಗೆ ಅಂಥ ಅಡ್ಡಿ ಇಲ್ಲ, ಅದು ಅಪ್ರತಿಬಂಧ. ಅಪ್ಪ ಕಣ್ಮುಚ್ಚಲಿ ಎಂದು ಮಗ ಕಾಯಬೇಕಾಗಿಲ್ಲ, ಹುಟ್ಟಿದ ಗಳಿಗೆಯಲ್ಲೇ ಅವನು ಪಿತ್ರಾರ್ಜಿತಕ್ಕೆ ಒಡೆಯ. ಇದೇ ಜನ್ಮಸ್ವತ್ವವಾದ. ಬಂಗಾಳದ ಜೀಮೂತವಾಹನ ತನ್ನ ‘ದಾಯಭಾಗ’ದಲ್ಲಿ ಇದಕ್ಕೆ ನೇರ ವಿರುದ್ಧವಾಗಿ ನಿಂತ. ತಂದೆಯ ಒಡೆತನ ಅಳಿದ ಮೇಲಷ್ಟೇ ಮಗನ ಒಡೆತನ ಎಂದ. ಬಂಗಾಳ, ಅಸ್ಸಾಂ ಅವನ ದಾರಿ ಹಿಡಿದವು. ಮಿಕ್ಕ ಬಹುಪಾಲು ದೇಶ ಕಲ್ಯಾಣದ ದಾರಿ ಹಿಡಿಯಿತು.

ಒಂದು ಮನೆತನಕ್ಕೆ 12 ಎಕರೆ ಹೊಲ ಇದೆಯೆನ್ನಿ. ಅಪ್ಪ, ಒಬ್ಬ ಮಗ: ತಲಾ 6 ಎಕರೆ. ಎರಡನೆಯ ಮಗ ಹುಟ್ಟಿದ, ತಲಾ 4. ಒಬ್ಬ ತೀರಿಕೊಂಡರೆ ಉಳಿದವರ ಪಾಲು ಬೆಳೆಯುತ್ತಿತ್ತು. (ಪಾಲಾಗುವಾಗ ಹೆಂಡತಿಗೂ ಪಾಲುಂಟೆಂಬ ನಿಯಮ ಬೇರೆ ಇದೆ, ಲೆಕ್ಕ ತೊಡಕಾಗದಿರಲೆಂದು ಇಲ್ಲಿ ಬಿಟ್ಟಿದ್ದೇನೆ.) ಹೊಲ ಒಟ್ಟಾಗಿರುವವರೆಗೆ ಯಾರೂ ಒಂದು ಬದು ತೋರಿಸಿ ಇದು ನನ್ನದು ಎನ್ನುವಂತಿಲ್ಲ. 1866ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ ಇದನ್ನೇ ಹೇಳಿತು: ಅವಿಭಕ್ತ ಕುಟುಂಬದ ಸದಸ್ಯ ತನ್ನ ಪಾಲು ಇಂತಿಷ್ಟೇ ಎಂದು ಹೇಳಲಾರ.

ಅಪ್ಪನ ಕೈ ಕಟ್ಟುವುದೂ ಈ ವಾದದಿಂದಲೇ. ಮನೆತನದ ಧರ್ಮಕಾರ್ಯಕ್ಕೆ, ಆಪತ್ತಿಗೆ, ಸಂಸಾರದ ಹೊರೆಗೆ ಅವನು ಖರ್ಚು ಮಾಡಬಹುದು. ಆದರೆ ಇಂಥ ಕಾರಣವಿಲ್ಲದಿದ್ದರೆ ಸ್ಥಿರಾಸ್ತಿಯನ್ನು ಮಕ್ಕಳ ಒಪ್ಪಿಗೆ ಇಲ್ಲದೆ ದಾನ ಕೊಡುವಂತಿಲ್ಲ, ಮಾರುವಂತಿಲ್ಲ. ಇಲ್ಲಿ ವಿಜ್ಞಾನೇಶ್ವರ ಎತ್ತಿಕೊಳ್ಳುವ ಸ್ಮೃತಿವಾಕ್ಯ ಹುಟ್ಟಿದವರನ್ನು ಮಾತ್ರವಲ್ಲ, ಗರ್ಭದಲ್ಲಿರುವವರನ್ನೂ ಇನ್ನೂ ಗರ್ಭಕ್ಕೇ ಬಾರದವರನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅವರಿಗೂ ಬದುಕಲು ಆಧಾರ ಬೇಕಲ್ಲ ಎಂಬುದು ಅದರ ಕಾಳಜಿ.

ಹಾಗಾದರೆ ಮಗಳು? ವಿಜ್ಞಾನೇಶ್ವರ ವರ್ಣವ್ಯವಸ್ಥೆಯ ಚೌಕಟ್ಟಿನೊಳಗೆ ನಿಂತು ಬರೆದವನು, ಅದನ್ನು ಮರೆಮಾಚಬೇಕಾಗಿಲ್ಲ. ಆದರೂ ಹೆಣ್ಣಿನ ವಿಷಯದಲ್ಲಿ ಅವನು ತನ್ನ ಕಾಲಕ್ಕಿಂತ ಕೈ ಸಡಿಲಿಸಿದವನೇ. ಮದುವೆಯಾಗದ ಅಕ್ಕತಂಗಿಯರಿಗೆ ಅಣ್ಣತಮ್ಮಂದಿರು ಕಾಲುಭಾಗ ಕೊಡಬೇಕೆಂಬ ಮೂಲದ ಮಾತನ್ನು ಬರೀ ಮದುವೆ ಖರ್ಚೆಂದು ತೇಲಿಸದೆ, ಅದು ನಿಜವಾದ ಪಾಲೇ ಎಂದು ವಾದಿಸುತ್ತಾನೆ. ಸ್ತ್ರೀಧನವೆಂದರೆ ತವರಿನ ಉಡುಗೊರೆಗಳಷ್ಟೇ ಅಲ್ಲ, ಹೆಣ್ಣು ಕೊಂಡದ್ದು, ಪಾಲಿನಲ್ಲಿ ಪಡೆದದ್ದು, ವಾರಸಾಗಿ ಬಂದದ್ದು ಎಲ್ಲವೂ ಸೇರಿದ್ದೆನ್ನುತ್ತಾನೆ. ಈ ವಿಶಾಲ ಅರ್ಥವನ್ನು ಆಮೇಲೆ ಕಿರಿದು ಮಾಡಿದ್ದು ಪ್ರಿವಿ ಕೌನ್ಸಿಲ್.

ಆದರೆ ಹುಟ್ಟಿನ ಹಕ್ಕನ್ನು ಅವನು ಮಗಳವರೆಗೆ ತರಲಿಲ್ಲ. ತಾಯಿಯ ಅಂಶ ಹೆಣ್ಣುಮಕ್ಕಳಲ್ಲಿ ಹೆಚ್ಚು, ಆದ್ದರಿಂದ ಸ್ತ್ರೀಧನ ಹೆಣ್ಣುಮಕ್ಕಳಿಗೆ; ತಂದೆಯ ಅಂಶ ಗಂಡುಮಕ್ಕಳಲ್ಲಿ ಹೆಚ್ಚು, ಆದ್ದರಿಂದ ತಂದೆಯ ಆಸ್ತಿ ಅವರಿಗೆ ಎಂದು ಕಾರಣ ಕೊಡುತ್ತಾನೆ. ನನಗೆ ಈ ಕಾರಣ ಸಡಿಲವಾಗಿ ಕಾಣುತ್ತದೆ, ಅದೂ ಅವನದೇ ಇನ್ನೊಂದು ಮಾತಿನ ಮುಂದೆ. ಮದುವೆಯ ಪ್ರಕರಣದಲ್ಲಿ ಸಪಿಂಡ ಎಂಬುದನ್ನು ವಿವರಿಸುವಾಗ, ಪಿಂಡ ಎಂದರೆ ಶ್ರಾದ್ಧದ ಅನ್ನದುಂಡೆಯಲ್ಲ, ಶರೀರ ಎಂದವನು ಅವನೇ. ಮಗು ತಂದೆತಾಯಿ ಇಬ್ಬರ ಶರೀರದ ಅಂಶಗಳಿಂದಲೂ ಆದದ್ದು, ಆದ್ದರಿಂದ ಇಬ್ಬರ ಜೊತೆಗೂ ಅದಕ್ಕೆ ಸಪಿಂಡತೆ. ಈ ವಾದವನ್ನು ಅದು ಕರೆದೊಯ್ಯುವಲ್ಲಿಗೆ ಹೋಗಲು ಬಿಟ್ಟಿದ್ದರೆ ಮಗಳು ಹೊರಗುಳಿಯುತ್ತಿರಲಿಲ್ಲ.

ಇಂಗ್ಲಿಷ್ ಪದದ ಚರಿತ್ರೆ ಇಲ್ಲಿ ಕೂಡಿಕೊಳ್ಳುತ್ತದೆ. 1810ರಲ್ಲಿ ಎಚ್. ಟಿ. ಕೋಲ್‌ಬ್ರೂಕ್ ಮಿತಾಕ್ಷರಾದ ದಾಯವಿಭಾಗವನ್ನೂ ದಾಯಭಾಗವನ್ನೂ ಅನುವಾದಿಸಿ ಕಲ್ಕತ್ತೆಯಲ್ಲಿ ಒಟ್ಟಿಗೆ ಪ್ರಕಟಿಸಿದ. ಸಂಸ್ಕೃತ ಬಾರದ ಕಂಪನಿಯ ನ್ಯಾಯಾಧೀಶರಿಗೆ ಅದೇ ಆಧಾರವಾಯಿತು. ಹುಟ್ಟಿನಿಂದ ಪಾಲುದಾರನಾದವನಿಗೆ ಅವರ ಕಾನೂನಿನಿಂದ ಸಿಕ್ಕ ಹೆಸರು ಕೋಪಾರ್ಸನರ್. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಗಂಡುಸಂತಾನವಿಲ್ಲದೆ ಸತ್ತವನ ಭೂಮಿ ಅವನ ಹೆಣ್ಣುಮಕ್ಕಳೆಲ್ಲರಿಗೂ ಒಟ್ಟಾಗಿ ಸೇರುತ್ತಿತ್ತು. ಹಾಗೆ ಒಟ್ಟಿಗೆ ಪಡೆದ ಅಕ್ಕತಂಗಿಯರು ಕೋಪಾರ್ಸನರುಗಳು. ಹೆಣ್ಣುಮಕ್ಕಳಿಗೆ ಸಲ್ಲುತ್ತಿದ್ದ ಆ ಹೆಸರು ಇಲ್ಲಿಗೆ ಬಂದ ಮೇಲೆ ಗಂಡಸರಿಗೆ ಮಾತ್ರ ಮೀಸಲಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಅದನ್ನು ಹಾಗೆಯೇ ಉಳಿಸಿಕೊಂಡಿತು. ಆ ಕಾಯ್ದೆ ವೀರಶೈವ, ಲಿಂಗಾಯತರನ್ನು ಹೆಸರು ಹಿಡಿದೇ ಸೇರಿಸಿಕೊಂಡಿದೆ. ಹಾಗಾಗಿ ಶರಣರ ಊರಿನ ಬಹಳ ಮನೆಗಳಿಗೆ ಆಸ್ತಿಯ ವಿಷಯದಲ್ಲಿ ವಿಜ್ಞಾನೇಶ್ವರನ ನಂಟು ತಪ್ಪಿದ್ದಲ್ಲ.

1994ರಲ್ಲಿ ಕರ್ನಾಟಕ ತನ್ನ ತಿದ್ದುಪಡಿಯಿಂದ ಹೆಣ್ಣುಮಕ್ಕಳನ್ನೂ ಸಹದಾಯಾದರನ್ನಾಗಿ ಮಾಡಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಆ ಗೆರೆಯನ್ನು ಅಳಿಸಿದ್ದು 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ. ಅಂದು ತಂದೆ ಬದುಕಿರಬೇಕೇ ಎಂಬ ತಕರಾರು ಮತ್ತೆ ಹದಿನೈದು ವರ್ಷ ನಡೆಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬೇಕಿಲ್ಲ ಎಂದಿತು. ಕೊಟ್ಟ ಕಾರಣ ಕಲ್ಯಾಣದ್ದೇ: ಈ ಹಕ್ಕು ತಂದೆಯ ಸಾವಿನಿಂದ ಬರುವುದಲ್ಲ, ಹುಟ್ಟಿನಿಂದ ಬರುವುದು, ಇದಕ್ಕೆ ಅಡ್ಡಿ ಇಲ್ಲ. ಅಪ್ರತಿಬಂಧ ದಾಯ ಎಂಬ ಹಳೆಯ ವಿಂಗಡಣೆಯೇ ಮಗಳ ಪರವಾಗಿ ನಿಂತಿತು. ಮೇಲಿನ 12 ಎಕರೆಯಲ್ಲಿ ಅಪ್ಪ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ತಲಾ 3.

ಹುಮನಾಬಾದಾಗಲಿ ಬಸವಕಲ್ಯಾಣವಾಗಲಿ, ತಂಗಿಯ ಉಡಿ ತುಂಬಿ, ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುವ ರೂಢಿ ನಿಂತಿಲ್ಲ. ಅಣ್ಣ ಬಿತ್ತಿ ಬೆಳೆದ ಹೊಲದಲ್ಲಿ ಪಾಲು ಕೇಳಿದವಳನ್ನು ತವರು ಮುರಿಯುವವಳೆನ್ನುತ್ತಾರೆ. ಜನ್ಮಸ್ವತ್ವದ ತರ್ಕದಲ್ಲಿ ಈ ಮಾತಿಗೆ ಜಾಗವಿಲ್ಲ. ಅವಳು ಅಣ್ಣನಿಂದ ಏನನ್ನೂ ಪಡೆಯುತ್ತಿಲ್ಲ. ಸಹಿ ಹಾಕಿದರೆ ಕೊಡುವವಳು ಅವಳು, ಪಡೆಯುವವನು ಅಣ್ಣ. ಕೊಡುವುದೂ ಬಿಡುವುದೂ ಅವಳ ಮನಸ್ಸಿಗೆ ಬಿಟ್ಟದ್ದು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆಗಿಹೋದ ಪಾಲನ್ನು ಮತ್ತೆ ಕೆದಕುವಂತಿಲ್ಲ. ಆದರೆ ಹಿರಿಯರ ಮುಂದೆ ಬಾಯಿಮಾತಿನಲ್ಲೇ ವಾಟ್ನಿ ಆಗಿಹೋಗಿದೆ ಎಂಬ ವಾದ ಸಾಮಾನ್ಯವಾಗಿ ನಡೆಯುವುದಿಲ್ಲ. ಅದನ್ನು ಸಾರ್ವಜನಿಕ ದಾಖಲೆಗಳಿಂದ ಸಾಬೀತು ಮಾಡಬೇಕೆಂದು ವಿನೀತಾ ಶರ್ಮಾ ತೀರ್ಪೇ ಹೇಳುತ್ತದೆ.