ಹಸಿದ ಕುದುರೆಗೆ ಒಮ್ಮೆಲೇ ಹುರುಳಿ ಹಾಕಬಾರದು

☸️ *ಇಂದಿನ ಧಮ್ಮ ಚಿಂತನೆ* ☸️



ಬಂಧುಗಳೇ, ಈಚೆಗೆ ನಮ್ಮ ಬಳಗದ ಹಲವು ಮನೆಗಳಿಗೆ ಸ್ವಲ್ಪ ದುಡ್ಡು ಬರುತ್ತಿದೆ. ಕೆಲವರಿಗೆ ಮಕ್ಕಳ ನೌಕರಿಯಿಂದ, ಕೆಲವರಿಗೆ ಭದ್ರಾ ಮೇಲ್ದಂಡೆ ಕಾಲುವೆಗೆ ಹೋದ ಜಮೀನಿನ ಪರಿಹಾರದಿಂದ. ದುಡ್ಡು ಇಲ್ಲದಾಗ ಹೇಗೆ ಬದುಕಬೇಕೆಂದು ನಮ್ಮ ಹಿರಿಯರು ಬದುಕಿ ತೋರಿಸಿದರು. ಬಂದಾಗ ಹೇಗಿರಬೇಕು? ಇವತ್ತು ನಮ್ಮ ಮನೆಯ ವಿಷಯವನ್ನೇ, ನನ್ನ ತಪ್ಪನ್ನೂ ಸೇರಿಸಿ, ನಿಮ್ಮ ಮುಂದಿಡುತ್ತೇನೆ.

*ಅಜ್ಜನ ಕುದುರೆ*

ನಮ್ಮಜ್ಜ ಕುದುರೆ ಸಾಕುತ್ತಿದ್ದವರು. ಹುಡುಗರಾಗಿದ್ದಾಗ ಕುಣಿಗಲ್ ಕುದುರೆ ಫಾರಂನಲ್ಲಿ, ಟಿಪ್ಪು ಸುಲ್ತಾನರ ಕಾಲದಿಂದ ನಡೆದುಬಂದ ಆ ಲಾಯಗಳಲ್ಲಿ, ಲದ್ದಿ ಬಳಿದು, ಕುದುರೆ ಮೈ ಉಜ್ಜಿ ಕೆಲಸ ಕಲಿತರು. ಆಮೇಲೆ ಹೊಸದುರ್ಗದ ಕಡೆಯ ನಮ್ಮೂರಿಗೆ ಬಂದು ಒಂದು ಹೆಣ್ಣು ತಟ್ಟು ಕಟ್ಟಿದರು. ಅದು ಹಾಕಿದ ಮರಿಗಳನ್ನು ಬೆಳೆಸಿ, ಪಳಗಿಸಿ, ಚಿತ್ರದುರ್ಗದ ಜಟಕಾದವರಿಗೆ ಮಾರುತ್ತಿದ್ದರು.

ಆದರೆ ತಾವೇ ಸಾಕಿದ ಕುದುರೆಯನ್ನು ಊರೊಳಗೆ ಹತ್ತುವಂತಿರಲಿಲ್ಲ. ಮೇಲಿನ ಬೀದಿ ದಾಟುವವರೆಗೆ ಚಪ್ಪಲಿ ಕೈಯಲ್ಲಿ ಹಿಡಿದು, ಕುದುರೆಯ ಹಗ್ಗ ಹಿಡಿದು ನಡೆಯಬೇಕಿತ್ತು. ಹಿರಿಯೂರು ಕಡೆಯಿಂದ ಅಜ್ಜಿಯನ್ನು ಮದುವೆಯಾಗಿ ಕರೆತಂದಾಗ ದಾರಿಯುದ್ದಕ್ಕೂ ಅವಳನ್ನು ಕುದುರೆ ಮೇಲೆ ಕೂರಿಸಿ ತಾವು ಪಕ್ಕದಲ್ಲಿ ನಡೆದರಂತೆ. ನಮ್ಮೂರ ಕೆರೆ ಏರಿ ಬಂದಾಗ, "ಇನ್ನು ಇಳಿಬೇಕು" ಅಂದು ತಲೆ ತಗ್ಗಿಸಿದರಂತೆ. ಅಜ್ಜಿ ಮುದುಕಿಯಾದ ಮೇಲೂ ಹೇಳುತ್ತಿದ್ದಳು: "ಏರಿ ತನಕ ನಾನು ರಾಣಿ ಕಣೋ. ಏರಿ ದಾಟಿದ ಮೇಲೆ ಕೇರಿ ಸೊಸೆ." ಹೇಳಿ ನಗುತ್ತಿದ್ದಳು. ಅಜ್ಜ ಮಾತ್ರ ನಗುತ್ತಿರಲಿಲ್ಲ.

ಅಜ್ಜ ನಮಗೆ ಕಲಿಸಿದ ಮಾತೊಂದಿದೆ. ಹಸಿದು ಬಡವಾದ ಕುದುರೆಗೆ ಮರುಕದಿಂದ ಒಮ್ಮೆಲೇ ಸೇರುಗಟ್ಟಲೆ ಹುರುಳಿ ಹಾಕಬಾರದು. ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತದೆ, ಇಲ್ಲವೇ ಗೊರಸಿನೊಳಗೆ ಉರಿ ಬಂದು ಕುಂಟುತ್ತದೆ. ಮೊದಲು ಹುಲ್ಲು, ನೀರು. ಆಮೇಲೆ ಒಂದೊಂದೇ ಹಿಡಿ ಹುರುಳಿ.

*ನನ್ನ ತಪ್ಪು*

ಕಾಲುವೆಗೆ ನಮ್ಮ ಜಮೀನು ಹೋಗಿ ಪರಿಹಾರ ಬಂದ ವರ್ಷವೇ ದೊಡ್ಡ ಮಗನ ಮದುವೆ. ಅಜ್ಜ ಇಳಿಸಿದ ಕುದುರೆಯನ್ನು ಮೊಮ್ಮಗ ಹತ್ತಿಸಬೇಕು ಅನ್ನಿಸಿತು. ಬಿಳಿ ಕುದುರೆ, ಡಿಜೆ, ಪಟಾಕಿ, ಎರಡು ದಿನ ಊಟ. ಮೇಲಿನ ಬೀದಿಯಲ್ಲೇ ಮೆರವಣಿಗೆ. ಪೊಲೀಸರೂ ಇದ್ದರು, ಯಾರೂ ತಡೆಯಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಅದು ಸುಳ್ಳಲ್ಲ.

ಆದರೆ ಇನ್ನೊಂದನ್ನೂ ನೋಡಿದೆ. ಕುದುರೆಯ ಕಿವಿ ಹಿಂದಕ್ಕೆ ಅಂಟಿದ್ದವು. ಮೈ ಬೆವರಿ ತೊಡೆ ನಡುಗುತ್ತಿತ್ತು. ಕುದುರೆ ಸಾಕಿದವರ ಮೊಮ್ಮಗ ನಾನು, ಅದಕ್ಕೆ ಹೆದರಿಕೆಯಾಗಿದೆ ಎಂದು ಗೊತ್ತಾಯಿತು. ಆದರೂ ಡಿಜೆ ನಿಲ್ಲಿಸಿ ಎನ್ನಲಿಲ್ಲ. ನಮ್ಮದೇ ಜಿಲ್ಲೆಯ ಬ್ರಹ್ಮಗಿರಿ ಬಂಡೆಯ ಮೇಲೆ ಅಶೋಕ ಮಹಾರಾಜರು ಜೀವಿಗಳ ಬಗ್ಗೆ ದಯೆ ಇರಲಿ ಎಂದು ಬರೆಸಿದ್ದಾರೆ. ಅದನ್ನು ಮಕ್ಕಳಿಗೆ ಹೇಳಿಕೊಡುವವನು ನಾನೇ.

ಮದುವೆ ಮುಗಿದಾಗ ಪರಿಹಾರದ ಅರ್ಧ ಹೋಗಿತ್ತು, ಮೇಲೆ ಕೈಸಾಲವೂ ಆಗಿತ್ತು. ನನ್ನ ಹೆಂಡತಿ ಜಗಳವಾಡಲಿಲ್ಲ. ಒಂದೇ ಮಾತು ಕೇಳಿದಳು: "ಜಮೀನಲ್ಲಿ ಕಳೆ ಕಿತ್ತವಳು ನಾನೂ ಹೌದಲ್ವಾ? ನನ್ನನ್ನು ಕೇಳಿದ್ರಾ?" ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಸಿದ್ಧಾರ್ಥ ರಾತ್ರೋರಾತ್ರಿ ಮನೆಬಿಟ್ಟು ಓಡುವುದಿಲ್ಲ. ಯಶೋಧರೆಗೆ ಹೇಳಿ, ಆಕೆಯ ಒಪ್ಪಿಗೆ ಪಡೆದು ಹೊರಡುತ್ತಾನೆ. ಅದನ್ನು ನಾನು ಬಳಗದಲ್ಲಿ ಎಷ್ಟು ಸಲ ಓದಿದ್ದೇನೋ! ಮನೆಯಲ್ಲಿ ಮಾತ್ರ ಪಾಲಿಸಿರಲಿಲ್ಲ.

*ಚಾಳೀಸ್‌ಗಾಂವ್‌ನ ಟಾಂಗಾ*

1929ರಲ್ಲಿ ಬಾಬಾಸಾಹೇಬರು ಮಹಾರಾಷ್ಟ್ರದ ಚಾಳೀಸ್‌ಗಾಂವ್ ರೈಲು ನಿಲ್ದಾಣದಲ್ಲಿ ಇಳಿದರು. ಅಸ್ಪೃಶ್ಯರೆಂಬ ಕಾರಣಕ್ಕೆ ಟಾಂಗಾದವರು ಯಾರೂ ಅವರನ್ನು ಕೂರಿಸಿಕೊಂಡು ಹೋಗಲು ಒಪ್ಪಲಿಲ್ಲ. ಅವರು ನಡೆದುಬಂದರೆ ಅವಮಾನ ಎಂದು ನಮ್ಮ ಜನ ಟಾಂಗಾ ಮಾತ್ರ ಬಾಡಿಗೆಗೆ ಪಡೆದು, ಓಡಿಸಲು ಬಾರದ ತಮ್ಮವನೊಬ್ಬನನ್ನೇ ಕೂರಿಸಿದರು. ಹೊಳೆಯ ಮೋರಿಯ ಮೇಲೆ ಚಕ್ರ ಸಿಕ್ಕಿಕೊಂಡಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು, ಕುದುರೆಯೂ ಗಾಡಿಯೂ ಹೊಳೆಗೆ ಬಿದ್ದವು. ತಮ್ಮ ಮರ್ಯಾದೆ ಉಳಿಸಲು ಜನ ತಮ್ಮ ಜೀವವನ್ನೇ ಅಪಾಯಕ್ಕೆ ಒಡ್ಡಿದ್ದರು ಎಂದು ಅವರು ಆಮೇಲೆ ಬರೆದರು.

ಬಂಧುಗಳೇ, ಆ ಜನರ ಪ್ರೀತಿ ದೊಡ್ಡದು. ತಪ್ಪು ಮೊದಲು ಟಾಂಗಾ ಓಡಿಸಲು ಒಪ್ಪದವರದು. ಕುದುರೆ ಹತ್ತುವುದು ನಮ್ಮ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಗ್ಗ ಹಿಡಿಯಲು ಕಲಿಯದೆ ಓಡಿಸಿದರೆ ಬೀಳುವವರು ನಮ್ಮವರೇ. ಹೊಸದಾಗಿ ಬಂದ ದುಡ್ಡೂ ಹಾಗೆಯೇ.

*ಬುದ್ಧರು ಹೇಳಿದ ಲೆಕ್ಕ*

ಭಗವಾನ್ ಬುದ್ಧರು ಸಂಪತ್ತನ್ನು ಹಳಿಯಲಿಲ್ಲ. ರಾಜಗೃಹದಲ್ಲಿ ಸಿಗಾಲನೆಂಬ ಗೃಹಸ್ಥನ ಮಗನಿಗೆ ಸಂಪತ್ತು ಸೋರುವ ಆರು ದಾರಿ ತೋರಿಸಿದರು: ಕುಡಿತ, ಹೊತ್ತಲ್ಲದ ಹೊತ್ತಲ್ಲಿ ಬೀದಿ ಸುತ್ತುವುದು, ಮೋಜಿನ ಮೇಳಗಳ ಹುಚ್ಚು, ಜೂಜು, ಕೆಟ್ಟ ಗೆಳೆತನ, ಸೋಮಾರಿತನ. ಆಮೇಲೆ ಲೆಕ್ಕವನ್ನೂ ಹೇಳಿದರು. ಬಂದದ್ದನ್ನು ನಾಲ್ಕು ಪಾಲು ಮಾಡು. ಒಂದು ಪಾಲು ಜೀವನಕ್ಕೆ, ಎರಡು ಪಾಲು ದುಡಿಮೆಗೆ, ಒಂದು ಪಾಲು ಆಪತ್ತಿಗೆ.

ಶ್ರಾವಸ್ತಿಯ ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖ ಹೇಳಿದರು: ನ್ಯಾಯವಾಗಿ ಗಳಿಸಿದ್ದು ಇರುವ ಸುಖ, ಅದನ್ನು ಅನುಭವಿಸಿ ದಾನ ಮಾಡುವ ಸುಖ, ಸಾಲವಿಲ್ಲದ ಸುಖ, ತಪ್ಪಿಲ್ಲದೆ ಬಾಳುವ ಸುಖ. ಕೊನೆಯದೇ ಎಲ್ಲಕ್ಕಿಂತ ಮೇಲು.

ನಾವು ಗಂಡ ಹೆಂಡತಿ ಮಕ್ಕಳು ಒಂದು ರಾತ್ರಿ ಕೂತು, ಮೊದಲು ಕೈಸಾಲ ತೀರಿಸಿ, ಉಳಿದ ದುಡ್ಡನ್ನು ನಾಲ್ಕು ಪಾಲು ಮಾಡಿದೆವು. ಎರಡು ಪಾಲು ಕುರಿ ಸಾಕಣೆಗೆ ಮತ್ತು ಮಗಳ ನರ್ಸಿಂಗ್ ಓದಿಗೆ. ಓದೂ ದುಡಿಮೆಯ ಬಂಡವಾಳವೇ ತಾನೇ. ಒಂದು ಪಾಲು ಪೋಸ್ಟ್ ಆಫೀಸಿಗೆ. ಒಂದು ಪಾಲು ಮನೆಗೆ. ಅದರಲ್ಲೇ ಬಳಗದ ಮಕ್ಕಳ ಪುಸ್ತಕಕ್ಕೂ ಸ್ವಲ್ಪ.

ಈಗ ಮಗಳ ಮದುವೆ ಹತ್ತಿರ ಬಂದಿದೆ. "ಕುದುರೆ ಬೇಕೇನಮ್ಮ?" ಎಂದು ಕೇಳಿದೆ. ಅವಳು ಹೇಳಿದಳು: "ಬೇಕಪ್ಪ. ಆದ್ರೆ ಹುಡುಗನಿಗಲ್ಲ, ನನಗೆ. ಅಜ್ಜಿ ಇಳಿದ ಏರಿಯಿಂದ ಹತ್ತಿ ಮೇಲಿನ ಬೀದೀಲೇ ಬರ್ತೀನಿ. ಡಿಜೆ ಬೇಡ, ಕುದುರೆ ಹೆದರಬಾರ್ದು. ಸಾಲವೂ ಬೇಡ."

ಹಗ್ಗ ನಾನೇ ಹಿಡಿಯುತ್ತೇನೆ. ಈ ಸಲ ಚಪ್ಪಲಿ ಕಾಲಲ್ಲಿರುತ್ತದೆ.

*ಇಂದಿನ ಸಂಕಲ್ಪ:* ಇವತ್ತು ರಾತ್ರಿ ಮನೆಯವರೆಲ್ಲ ಒಟ್ಟಿಗೆ ಕೂತು ಈ ತಿಂಗಳು ಬಂದದ್ದನ್ನು ನಾಲ್ಕು ಪಾಲಾಗಿ ಬರೆಯೋಣ. ಹೆಣ್ಣುಮಕ್ಕಳ ಮಾತನ್ನು ಮೊದಲು ಕೇಳೋಣ.

ಸರ್ವರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು 🙏
ಜೈ ಭೀಮ್ 💙